ಸಾವಿರದೊಂದು ಬಿಂದಿಗೆ

ಬಾವಿಗೆ ಇಳಿಬಿಟ್ಟ ಬಿಂದಿಗೆ ತಳದಲ್ಲಿ ‘ಡಬ್’ ಎಂದು ಮಗುಚಿಕೊಂಡು ಮುಳುಗುವ ಸದ್ದೇ ಆ ಬೇಸಿಗೆಯಲ್ಲಿ ನನಗೆ ಸುಪ್ರಭಾತವಾಗಿತ್ತು. ಆ ಸದ್ದು ಕೇಳಿದರೆ ಈವತ್ತಿಗೆ ನೀರಿದೆ ಎಂದು ಅರ್ಥ. ಹಗ್ಗ ಹಿಡಿದುಕೊಂಡೇ ಗುಡಿಯ ಗೋಪುರದ ಕಡೆ ತಿರುಗಿ, ‘ಇಷ್ಟು ಸಾಕಪ್ಪ ಈಶ್ವರ’ ಎಂದುಕೊಳ್ಳುತ್ತಿದ್ದೆ. ದೇವರು ಕೊಟ್ಟದ್ದು ಚಿಕ್ಕದೆಂದು ನಾನು ಯಾವತ್ತೂ ಮೂಗು ಮುರಿದವಳಲ್ಲ. ಮೂಗು ಮುರಿದದ್ದೆಲ್ಲ ಮನುಷ್ಯರನ್ನು ಕಂಡು. ಅದರಲ್ಲೂ ಅರಳಿಕಟ್ಟೆಯ ನೆರಳಲ್ಲಿ ಕಾಲು ಇಳಿಬಿಟ್ಟು ಕೂತು, ಪ್ರಪಂಚ ಯಾಕೆ ಬಿಸಿಯಾಗುತ್ತಿದೆ ಎಂದು ಹೇಳುವ ಗಂಡಸರನ್ನು ಕಂಡು.

ನಮ್ಮೂರು ಕಟ್ಟಾಯದ ಕಡೆಯದು. ಐವತ್ತು ಮನೆ, ಒಂದು ಈಶ್ವರನ ಗುಡಿ. ನಾನು ಮದುವೆಯಾಗಿ ಬಂದಾಗ ಕೇರಿಗೊಂದು ಸೇದುವ ಬಾವಿ ಇತ್ತು. ಆಮೇಲೆ ನನ್ನ ಭಾವ, ಎಂದರೆ ನಮ್ಮ ಯಜಮಾನರ ದೊಡ್ಡಪ್ಪನ ಮಗ, ಚನ್ನರಾಯಪಟ್ಟಣದ ಕಡೆಯಿಂದ ನೆಲದ ನೀರು ನೋಡಿ ಹೇಳುವವನೊಬ್ಬನನ್ನು ಕರೆಸಿದರು. ಅವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ನಡೆದ. ಕಾಯಿ ಎದ್ದು ನಿಂತ ಕಡೆ ಬೋರು ಕೊರೆಸಿದರು. ಅದು ಸಣ್ಣಗಾದಾಗ ಅದರ ಪಕ್ಕದಲ್ಲಿ ಇನ್ನೂ ಆಳದ್ದು, ಅದಕ್ಕೂ ಪಕ್ಕದಲ್ಲಿ ಮತ್ತೊಂದು. ಭಾವನ ತೆಂಗಿನ ತೋಟ ಸುಡುಬೇಸಿಗೆಯಲ್ಲೂ ತೊಳೆದಿಟ್ಟ ಹಾಗೆ ಹಸಿರಾಗಿರುತ್ತಿತ್ತು. ಕೇರಿಯ ಬಾವಿಗಳು ಮಾತ್ರ ಒಂದಾದ ಮೇಲೊಂದು ಬಾಯಿ ಒಣಗಿಸಿಕೊಂಡು ಕಸ ಹಾಕುವ ಗುಂಡಿಗಳಾದವು. ಉಳಿದದ್ದು ಗುಡಿಯ ಬೆನ್ನಿಗಿರುವ ಬಾವಿಯೊಂದೇ. ಬಂಡೆಯ ಸಂದಿನಿಂದ ಒಸರುವ ಸೆಲೆ ಅದರದು. ಎಷ್ಟು ಸೇದಿದರೂ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಒಂದಿಷ್ಟು ತುಂಬಿಕೊಳ್ಳುತ್ತಿತ್ತು. ನಮ್ಮ ಹಿತ್ತಿಲ ಬಾಗಿಲು ತೆಗೆದರೆ ಅದರ ಕಟ್ಟೆಯೇ ಕಾಣುವುದು.

ಇಷ್ಟು ವರ್ಷ ನಾನೇನು ಬಾಯಿ ತೆರೆದಿದ್ದೆನೇ? ಇಲ್ಲ. ಭಾವನ ಮನೆಯಿಂದ ಗೌರಿಹಬ್ಬಕ್ಕೊಂದು ಚೀಲ ತೆಂಗಿನಕಾಯಿ ಬರುತ್ತಿತ್ತು. ಸುಲಿದೆ, ತುರಿದೆ, ಹೋಳಿಗೆಗೆ ಹೂರಣ ರುಬ್ಬಿದೆ, ಸುಮ್ಮನಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ.

ಆ ವರ್ಷ ಅಶ್ವಿನಿ ಮಳೆ ಬರಲಿಲ್ಲ, ಭರಣಿಯೂ ಬರಲಿಲ್ಲ. ಪಂಚಾಯಿತಿಯ ನಲ್ಲಿಯಲ್ಲಿ ಕೆಸರಿನಂಥದ್ದು ನಾಲ್ಕು ದಿನಕ್ಕೊಮ್ಮೆ ಬಂದು ಗೊರಗೊರ ಎಂದು ನಿಲ್ಲುತ್ತಿತ್ತು. ಹೇಮಾವತಿಯ ಹಿನ್ನೀರು ಎಷ್ಟೋ ದೂರ ಸರಿದು, ಶೆಟ್ಟಿಹಳ್ಳಿಯ ಮುರುಕು ಚರ್ಚಿನ ಸುತ್ತ ನೆಲ ಬಿರುಕು ಬಿಟ್ಟಿತ್ತಂತೆ. ಜನ ಕಾರು ಮಾಡಿಕೊಂಡು ಹೋಗಿ, ಆ ಬಿರುಕಿನ ಮೇಲೆ ನಿಂತು ಫೋಟೋ ಹಿಡಿಸಿಕೊಂಡು ಬಂದರು. ಭಾವನ ಸೊಸೆಯೂ ಹೋಗಿ ಬಂದು, ‘ಸಖತ್ತಾಗಿತ್ತು ಅತ್ತೆ’ ಎಂದು ನನಗೇ ಫೋಟೋ ತೋರಿಸಿದಳು. ಒಣಗಿದ ಹೊಳೆಯನ್ನು ಸಖತ್ತು ಎನ್ನುವ ಕಾಲಕ್ಕೆ ನಾನು ಬದುಕಿ ಬಂದೆ.

ಇಂಥದ್ದರಲ್ಲಿ ಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಹೊಳೆನರಸೀಪುರದ ಆಸ್ಪತ್ರೆಯಲ್ಲಿ ಹೆರಿಗೆ ಸಲೀಸಾಗಿ ಆಯಿತು, ಅದು ಈಶ್ವರನ ಕರುಣೆ. ಹೆಣ್ಣು ಕೂಸು. ಆದರೆ ಸೆಕೆಗೆ ಅದರ ಕತ್ತು, ಕಂಕುಳು, ಬೆನ್ನೆಲ್ಲ ಬೆವರುಸಾಲೆ ಎದ್ದು ಕೆಂಪಗೆ ಕಿತ್ತುಹೋಗಿತ್ತು. ದಿನಕ್ಕೆರಡು ಸಲ ಒಳ್ಳೆ ನೀರು ಹಾಕಿ ಒರೆಸಬೇಕು, ಇಲ್ಲದಿದ್ದರೆ ಕೀವಾದೀತು ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿ ಕಳಿಸಿದ್ದರು. ಕೂಸಿಗೆ, ಬಾಣಂತಿಗೆ, ಬಟ್ಟೆಬರೆಗೆ ಎಲ್ಲದಕ್ಕೂ ಇದ್ದದ್ದು ಆ ಬಾವಿಯೊಂದೇ.

ಹೀಗಿರುವಾಗ ಭಾವನಿಗೆ ಹಾಸನದಲ್ಲಿ ಯಾವುದೋ ಕಾರ್ಯಾಗಾರಕ್ಕೆ ಕರೆ ಬಂತು. ಹವಾಮಾನ ಬದಲಾವಣೆ, ಪ್ರಗತಿಪರ ರೈತರು ಎಂದೆಲ್ಲ ಕಾಗದದಲ್ಲಿ ಅಚ್ಚಾಗಿತ್ತು. ಎಸಿ ಹಾಕಿದ ಛತ್ರದಲ್ಲಿ ಎರಡು ದಿನ ಕೂತು, ಒಂದು ಟೋಪಿ, ಒಂದು ಚೀಲ, ಪ್ಲಾಸ್ಟಿಕ್ ಕವರಿನಲ್ಲಿ ಒಂದು ಗಿಡ ಹಿಡಿದುಕೊಂಡು ಬಂದರು. ಗಿಡ ಕಾರಿನ ಡಿಕ್ಕಿಯಲ್ಲೇ ಒಣಗಿತು. ಟೋಪಿ ಮಾತ್ರ ತಲೆಯ ಮೇಲಿಂದ ಇಳಿಯಲಿಲ್ಲ.

ಮಾರನೆಯ ದಿನ ಕಟ್ಟೆಯ ಮೇಲೆ ಅವರದೇ ಪ್ರವಚನ. ನಾನು ಗುಡಿಯಲ್ಲಿ ದೀಪದ ಕಂಬ ತಿಕ್ಕುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು.

“ಇದು ಈ ಊರ್ನಾಗೆ ಆಗಿರೋದಲ್ಲ ಕಣ್ರಲಾ. ಆ ದೊಡ್ಡ್ ದೊಡ್ಡ್ ದೇಶದೋರು ನೂರಾರು ವರ್ಷದಿಂದ ಒಗೆ ಬುಟ್ಟೂ ಬುಟ್ಟೂ ಆಕಾಸ ಎಲ್ಲ ಕೆಡಿಸವ್ರೆ. ಅವ್ರು ಸರಿ ಮಾಡ್ಬೇಕು.”

“ಅಂಗಾರೆ ನಾವೇನ್ ಮಾಡಾದಣ್ಣ?” ಎಂದ ಒಬ್ಬ.

“ನಮ್ ಕೈಲೇನಾಯ್ತದ್ಲಾ? ದೇವ್ರಿಗೆ ಮೊರೆ ಓಗ್ಬೇಕು.”

ಮೊದಲಿನ ಮಾತು ಸುಳ್ಳಲ್ಲ, ಅದನ್ನು ಒಪ್ಪುತ್ತೇನೆ. ಟೀವಿಯಲ್ಲಿ ನಾನೂ ನೋಡಿದ್ದೇನೆ. ಮೊದಲ ಪಂಕ್ತಿಯಲ್ಲಿ ಕೂತು ಪಾಯಸ ಮೂರು ಸಲ ಬಡಿಸಿಕೊಂಡ ದೇಶಗಳು, ಈಗ ಪಾತ್ರೆಯ ತಳ ಕಂಡ ಮೇಲೆ ಕೊನೆಯ ಪಂಕ್ತಿಯವರಿಗೆ ಮಿತಾಹಾರದ ಉಪದೇಶ ಮಾಡುತ್ತವೆ. ಬೂಟು ಸೂಟು ಹಾಕಿಕೊಂಡು ವಿಮಾನ ಹತ್ತಿ ಬಂದು, ಒಂದು ಕಡೆ ಸೇರಿ, ಇನ್ನಿಷ್ಟು ವರ್ಷಕ್ಕೆ ಹೊಗೆ ಕಡಿಮೆ ಮಾಡುತ್ತೇವೆ ಎಂದು ಕೈ ಕುಲುಕುತ್ತವೆ. ಕುಡುಕರು ಯುಗಾದಿ ಕಳೆಯಲಿ ಬಿಡ್ತೀನಿ, ದೀಪಾವಳಿ ಕಳೆಯಲಿ ಬಿಡ್ತೀನಿ ಎನ್ನುವುದಿಲ್ಲವೇ, ಹಾಗೆ. ಆ ಕುಡುಕರ ಹೆಂಡತಿಯರಿಗಿರುವಷ್ಟೇ ನಂಬಿಕೆ ನನಗೂ ಇದೆ. ಆದರೆ ಭಾವನಂಥವರು ಆ ದೇಶಗಳ ಹೆಸರು ಹೇಳುವುದು ನ್ಯಾಯಕ್ಕಾಗಿ ಅಲ್ಲ, ತಮ್ಮ ಮೋಟಾರಿನ ಸದ್ದು ಕೇಳಿಸದಿರಲಿ ಎಂದು. ಅರಕಲಗೂಡಿನ ಆಚೆ ರಾಮನಾಥಪುರದ ಕಡೆ ನನ್ನ ತವರು. ಹೊಗೆಸೊಪ್ಪು ಹದ ಮಾಡಲು ನನ್ನ ಅಣ್ಣ ಲೋಡುಗಟ್ಟಲೆ ಸೌದೆ ಉರಿಸುತ್ತಾನೆ. ಕೇಳಿದರೆ, ‘ನನ್ನೊಬ್ಬುನ್ ಒಲೆಯಿಂದ ಪರ್ಪಂಚ ಸುಟ್ಟೋಯ್ತದೇನವ್ವ?’ ಎನ್ನುತ್ತಾನೆ. ಅಮೆರಿಕದವನೂ ಅವನ ಭಾಷೆಯಲ್ಲಿ ಇದನ್ನೇ ಅನ್ನುತ್ತಿರಬೇಕು. ಒಡಹುಟ್ಟಿದವನು ಎಂದು ಬಿಡಲಾರೆ. ಅವನ ಮುಖಕ್ಕೇ ಹೇಳಿದ್ದೇನೆ.

ದೇವರಿಗೆ ಮೊರೆ ಹೋಗುವುದೆಂದರೆ ಜಲದಿಗ್ಬಂಧನ ಎಂದು ಕಟ್ಟೆಯ ಮೇಲೆ ತೀರ್ಮಾನವಾಯಿತು. ಗರ್ಭಗುಡಿಯ ಬಾಗಿಲಿಗೆ ಅಡ್ಡ ಇಟ್ಟಿಗೆ ಕಟ್ಟಿ, ಜೇಡಿಮಣ್ಣು ಮೆತ್ತಿ, ನೀರು ಹೊರಗೆ ಹೋಗುವ ಗೋಮುಖವನ್ನೂ ಮುಚ್ಚಿ, ಲಿಂಗ ಮುಳುಗುವವರೆಗೆ ನೀರು ತುಂಬುವುದು. ಉಸಿರು ಕಟ್ಟಿದ ಈಶ್ವರ ಮಳೆ ಸುರಿಸಿಯಾನು ಎಂದು ಹಿರಿಯರ ಕಾಲದಿಂದ ನಂಬಿಕೆ. ನಾನೂ ನಂಬುವವಳೇ. ಸಾವಿರದೊಂದು ಬಿಂದಿಗೆ, ಮನೆಗೆ ಇಪ್ಪತ್ತರಂತೆ, ಮೇಲಿನದೊಂದು ಗುಡಿಯ ಲೆಕ್ಕಕ್ಕೆ. ಎಲ್ಲರಿಗೂ ಸಮಪಾಲು, ಯಾರೂ ಹೆಚ್ಚಲ್ಲ ಯಾರೂ ಕಡಿಮೆಯಲ್ಲ ಎಂದು ಭಾವ ಸಾರಿದರಂತೆ. ಹೊರುವವರು ಹೆಂಗಸರು ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯ ಅವರಿಗೆ ಕಾಣಲಿಲ್ಲ.

ಮನೆಗೆ ಬಂದ ಯಜಮಾನರು ಚಪ್ಪಲಿ ಬಿಡುತ್ತಲೇ ಸುದ್ದಿ ಒಪ್ಪಿಸಿದರು.

“ನೀರೆಲ್ಲಿಂದ್ರೀ?” ಎಂದೆ.

“ಗುಡಿ ಬಾವಿಯಿಂದ. ಮತ್ತೆಲ್ಲಿಂದ?”

“ಸಾವಿರದೊಂದ? ಅದ್ರಾಗೆ ಮುನ್ನೂರು ಬಿಂದಿಗೆ ಇದ್ರೆ ಎಚ್ಚು. ಬಾವನ ಬೋರಿಲ್ವಾ?”

“ಬೋರಿನ್ ನೀರು ದೇವ್ರಿಗೆ ಮಡಿಯಲ್ವಂತೆ ಕಣೆ. ಕಬ್ಣದ ಪೈಪು, ಮೋಟ್ರೊಳಗೆ ತೊಗಲು ರಬ್ಬರು ಏನೇನೋ ಇರ್ತದಂತೆ. ಅಣ್ಣನೇ ಅಂದ.”

“ಅಣ್ಣನೇ ಅಂದ್ರಾ!”

ಒಳಗೆ ಕತ್ತಲೆ ಕೋಣೆಯಿಂದ ಮಗಳ ದನಿ ಬಂತು. “ಅವ್ವ, ಬಾವಿ ಬತ್ತೋದ್ರೆ ಕೂಸಿಗೆ ಏನ್ ಉಯ್ತೀಯವ್ವ?” ಯಜಮಾನರು ಗೋಡೆ ನೋಡಿದರು. ನಮ್ಮವರು ಒಳ್ಳೆಯವರು, ಅದೂ ಒಂದು ಪುಣ್ಯವೇ. ಆದರೆ ಅಣ್ಣನ ಎದುರು ಅವರ ನಾಲಿಗೆ ಹೊರಳಿದ್ದನ್ನು ನಾನು ಕಂಡಿಲ್ಲ.

ನಮ್ಮ ಕಡೆ ತಮ್ಮನ ಹೆಂಡತಿ ಭಾವನ ಎದುರಿಗೆ ನಿಂತು ಮಾತಾಡುವ ವಾಡಿಕೆ ಇಲ್ಲ. ಬಾಗಿಲ ಮರೆಯಿಂದ ಒಂದೆರಡು ಮಾತು, ಅಷ್ಟೆ. ಆ ಸಂಜೆ ನಾನು ಸೆರಗು ಹೊದ್ದು ಕಟ್ಟೆಯ ಬಳಿ ಹೋಗಿ ನಿಂತೆ.

“ಬಾವ, ಮನೇಲಿ ಹಸಿ ಬಾಣಂತಿ ಅವ್ಳೆ. ಕೇರಿಗೆಲ್ಲ ಇರೋದು ಅದೊಂದೇ ಬಾವಿ. ನಿಮ್ ಬೋರಿಂದ ದೇವ್ರಿಗೆ ನೀರ್ ಕೊಡಿ.”

ಭಾವ ನನ್ನ ಕಡೆ ನೋಡದೆ ಯಜಮಾನರನ್ನು ನೋಡಿ ಹೇಳಿದರು: “ಏನ್ಲಾ, ಈಸ್ವರನಿಗಿಂತ ನಿನ್ ಮೊಮ್ಮಗಳು ದೊಡ್ಡೋಳಾದ್ಲಾ? ಬೋರಿನ್ ನೀರು ಮಡಿಯಲ್ಲ ಅಂತ ಏಳ್ಳಿಲ್ವಾ?”

“ಅಲ್ಲ ಬಾವ, ಆ ಬೋರಿನ್ ನೀರು ಕುಡ್ದೇ ಬೆಳ್ದಿರೋ ಎಳನೀರ್ನ ಸಿವರಾತ್ರೀಲಿ ದೇವ್ರ ತಲೆ ಮ್ಯಾಲೆ ಉಯ್ಯಿಸ್ತೀರಲ್ಲ, ಅದು ಮಡಿನಾ?”

ಯಾರೋ ಕಿಸಕ್ಕನೆ ನಕ್ಕರು. ಭಾವ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. “ಎಂಗಸ್ರನ್ನ ಕಟ್ಟೆತಾವ ಬುಟ್ಕೊಂಡ್ರೆ ಇಂಗೇ ಆಗದು. ಸೋಮ್ವಾರ ಬೆಳಿಗ್ಗೆ ಸುರು. ಎಲ್ರ ಮನೇಲೂ ಬಿಂದಿಗೆ ತೊಳ್ದಿಟ್ಕಳಿ.” ಅಲ್ಲಿಗೆ ಸಭೆ ಮುಗಿಯಿತು.

ನಾನು ಮನೆಗೆ ಹೋಗದೆ ನೇರ ಗುಡಿಯ ಅಯ್ನೋರ ಹತ್ತಿರ ಹೋದೆ. ಎಂಬತ್ತು ದಾಟಿದ ಮುದುಕರು, ಅದೇ ಬಾವಿಯ ನೀರು ಕುಡಿಯುವವರು. ಬಾವಿ ಬತ್ತಿದರೆ ಅವರಿಗೂ ಗಂಟಲಿಗಿಲ್ಲ. ಆದರೆ ಭಾವನ ಮಾತು ಮೀರಿ ಗುಡಿಯಲ್ಲಿ ಇರುವ ಧೈರ್ಯ ಅವರಿಗೂ ಇರಲಿಲ್ಲ. ನಾನು ಒಂದೇ ಒಂದು ಕೇಳಿದೆ.

“ಸ್ವಾಮಿ, ಸಂಕಲ್ಪ ಯಾರ ಹೆಸರಲ್ಲಿ ಮಾಡ್ತೀರಿ?”

“ಮನೆ ಯಜಮಾನರ ಹೆಸರಲ್ಲಿ ತಾಯಿ. ಐವತ್ತು ಜನಕ್ಕೂ ಕಂಕಣ ಕಟ್ಟಬೇಕು.”

“ಸಂಕಲ್ಪ ಮಾಡಿದೋರೊಬ್ರು, ನೀರು ಹೊರೋರೊಬ್ರು ಆದ್ರೆ ಫಲ ಬರ್ತದಾ?”

ಅಯ್ನೋರು ಬತ್ತಿ ಹೊಸೆಯುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದರು. ಬೊಚ್ಚುಬಾಯಿ ಸ್ವಲ್ಪ ಅರಳಿತು. “ಬರೋದಿಲ್ಲ,” ಎಂದರು. “ಕಂಕಣ ಕಟ್ಟಿದ ಕೈಯೇ ಹೊರಬೇಕು. ನೀನು ಕೇಳಿದೆಯಲ್ಲ, ನಾಳಿದ್ದು ನಾನೇ ಹೇಳ್ತೀನಿ.”

ಸೋಮವಾರ ಮಡಿಯುಟ್ಟ ಐವತ್ತು ಗಂಡಸರು ಸಾಲಾಗಿ ನಿಂತು ಕಂಕಣ ಕಟ್ಟಿಸಿಕೊಂಡರು. ಭಾವನದು ಮೊದಲನೆಯದು. ಹೆಂಗಸರು ಬಿಂದಿಗೆ, ಸಿಂಬೆ ಹಿಡಿದು ಬಾವಿಯ ಸುತ್ತ ನಿಂತಿದ್ದರು. ಅಯ್ನೋರು ಮಂತ್ರ ಮುಗಿಸಿ, ಗಂಟಲು ಸರಿಮಾಡಿಕೊಂಡು ಹೇಳಿಯೇಬಿಟ್ಟರು. ಪಕ್ಕದ ಮನೆಯ ದೊಡ್ಡವ್ವ, ಊರಿಗೇ ಹಿರಿಯಳು, ತನ್ನ ಬಿಂದಿಗೆಯನ್ನು ಭಾವನ ಕಾಲ ಹತ್ತಿರ ತಂದು ಕುಕ್ಕಿದಳು.

“ತಗಳಪ್ಪ ನಮ್ಮಪ್ಪ. ಕಂಕಣ ನಿಂದು, ಮಳೆ ನಿಂದು. ನಾವು ಕುಂತ್ಕಂಡು ಸಿವನಾಮ ಏಳ್ತೀವಿ.”

ಉಳಿದವರೂ ಇಟ್ಟರು. ನಾವು ಗುಡಿಯ ಜಗಲಿಯ ನೆರಳಲ್ಲಿ ಸಾಲಾಗಿ ಕೂತೆವು. ಶಿವನಾಮ ಹೇಳಿದೆವು, ನಿಜ. ಮಧ್ಯೆ ಮಧ್ಯೆ ನಕ್ಕೆವು, ಅದೂ ನಿಜ.

ಅಂಥ ದೃಶ್ಯವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಹುಟ್ಟಿದಾಗಿನಿಂದ ಆ ನೀರು ಕುಡಿದವರಿಗೆ ರಾಟೆಯಲ್ಲಿ ಹಗ್ಗ ಯಾವ ಕಡೆಗೆ ಓಡುತ್ತದೆ ಎಂದೇ ಗೊತ್ತಿರಲಿಲ್ಲ. ಒಬ್ಬ ಬಿಂದಿಗೆಯನ್ನು ಎದೆಗಪ್ಪಿ ಹೊರಟ, ಗುಡಿ ತಲುಪುವಾಗ ಅರ್ಧ ಪಂಚೆಯಲ್ಲಿ. ಇನ್ನೊಬ್ಬ ತಲೆಯ ಮೇಲಿಟ್ಟುಕೊಂಡ, ಕತ್ತು ನೆಟ್ಟಗೆ ನಿಲ್ಲದೆ ಬಿಂದಿಗೆ ಹಿಂದಕ್ಕುರುಳಿತು. “ಮಾವ, ಸೊಂಟದ ಮ್ಯಾಲಿಟ್ಕಳಿ ಸೊಂಟದ ಮ್ಯಾಲೆ!” ಎಂದು ಜಗಲಿಯಿಂದ ಕೂಗಿದಳು ಒಬ್ಬಳು. “ಸೊಂಟ ಎಲ್ಲೈತೆ ಅಲ್ಲಿ, ಬರೀ ಒಟ್ಟೆ!” ಎಂದಳು ದೊಡ್ಡವ್ವ. ಒಂದೊಂದು ಬಿಂದಿಗೆಗೂ ಅಯ್ನೋರು ಒಂದೊಂದು ಹುಣಸೆಬೀಜ ಹರಿವಾಣಕ್ಕೆ ಹಾಕುತ್ತಿದ್ದರು. ನೂರ ಹನ್ನೊಂದಾಗುವಾಗ ಬಿಸಿಲು ನೆತ್ತಿಗೇರಿ, ಕಾಲ ಕೆಳಗಿನ ಚಪ್ಪಡಿ ಕಾದು, ಐವತ್ತರಲ್ಲಿ ಮೂವತ್ತು ಮಂದಿ ಅರಳಿಮರದ ಕೆಳಗೆ ಅಂಗಾತ ಬಿದ್ದಿದ್ದರು. ಭಾವ ನಾಲ್ಕು ತಂದರು. ಐದನೆಯದು ಹೊಸಿಲ ಬಳಿ ಕೈಜಾರಿ, ಟೋಪಿ ಒಂದು ಕಡೆ ಅವರೊಂದು ಕಡೆ ಕೂತರು.

ಗರ್ಭಗುಡಿಯಲ್ಲಿ ನೀರು ಪೀಠದ ಅಂಚನ್ನೂ ಮುಟ್ಟಿರಲಿಲ್ಲ. ಬಾವಿಯಲ್ಲಿ ಮಾತ್ರ ಬಿಂದಿಗೆ ಮುಳುಗುವುದು ನಿಂತು, ಕೆಸರು ಕೆರೆಯುವ ಸದ್ದು ಬರತೊಡಗಿತ್ತು. ಮುನ್ನೂರು ಬಿಂದಿಗೆ ಎಂದು ಅಂದಾಜು ಮಾಡಿದ್ದ ನಾನು ಚೆಲ್ಲುವುದನ್ನು ಲೆಕ್ಕ ಹಾಕಿರಲಿಲ್ಲ. ಗುಡಿ ಸೇರಿದ್ದಕ್ಕಿಂತ ಅವರು ಸುತ್ತ ಚೆಲ್ಲಿದ್ದೇ ಹೆಚ್ಚಿತ್ತು. ನನ್ನ ನಗು ಅಲ್ಲಿಗೆ ನಿಂತಿತು. ಅಷ್ಟರಲ್ಲಿ ಮನೆಯೊಳಗಿನಿಂದ ಕೂಸು ಅಳುವುದು ಕೇಳಿಸಿತು. ಮಧ್ಯಾಹ್ನದ ಸ್ನಾನದ ಹೊತ್ತು ಅದು. ಒಳಗೆ ಹೋಗಿ, ಬೆಳಿಗ್ಗೆ ಸೇದಿಟ್ಟಿದ್ದ ಅರ್ಧ ಚೊಂಬು ನೀರಿನಲ್ಲಿ ಬಟ್ಟೆ ಅದ್ದಿ ಕತ್ತು ಕಂಕುಳು ಒರೆಸಿದೆ. ಮಗಳು ಕೂಸಿನ ಬೆನ್ನಿನ ಮೇಲೆ ಉಸ್ ಉಸ್ ಎಂದು ಗಾಳಿ ಊದುತ್ತಾ ಕೂತಳು. ಗಂಡಸರೇ ಹೊತ್ತರೆ ಬೇಗ ಸೋತು ಕೈಬಿಟ್ಟಾರು, ಬಾವಿ ಉಳಿದೀತು ಎಂದು ಜಾಣತನ ಮಾಡಿದ್ದೆ. ಈಶ್ವರ, ನಾನೇ ಬಾವಿ ಬತ್ತಿಸಿದೆನೇ ಎಂದುಕೊಂಡೆ.

ಮತ್ತೆ ಹೊರಗೆ ಬರುವಾಗ ಗುಡಿಯ ಮುಂದೆ ಗಂಡಸರು ಅಯ್ನೋರನ್ನು ಸುತ್ತುಗಟ್ಟಿದ್ದರು.

“ಶಾಸ್ತ್ರದಾಗೆ ಬೇರೆ ದಾರಿ ಇಲ್ವಾ ಸ್ವಾಮಿ?” ಎಂದು ಕೇಳುತ್ತಿದ್ದವರು, ಆಶ್ಚರ್ಯವೆಂದರೆ, ನಮ್ಮ ಯಜಮಾನರು.

“ಇಲ್ಲದೆ ಏನು? ಬಾವಿಯ ಒಂದು ಬಿಂದಿಗೆ ನೀರನ್ನು ಮಂತ್ರಿಸಿ ಸೇರಿಸಿದರೆ ಯಾವ ನೀರಾದರೂ ಗಂಗೆಯೇ,” ಎಂದರು ಅಯ್ನೋರು. “ನನ್ನನ್ನು ಮೊದಲೇ ಯಾರೂ ಕೇಳಲಿಲ್ಲ.”

ಎಲ್ಲರೂ ಭಾವನ ಕಡೆ ತಿರುಗಿದರು. ಭಾವ ಮಂಡಿಗೆ ಅಂಟಿದ ಮಣ್ಣು ಕೊಡವುತ್ತಿದ್ದರು. ಕರೆಂಟು ಇಲ್ಲ ಎಂದರು, ಇತ್ತು. ಪೈಪು ಸಾಲದು ಎಂದರು. ಮೂರು ಮನೆಯವರು ಪೈಪು ತರಲು ಎದ್ದೇಬಿಟ್ಟರು. ಅಂಗಾತ ಬಿದ್ದಿದ್ದವರಿಗೆಲ್ಲ ಆಗ ಎಲ್ಲಿಂದಲೋ ತ್ರಾಣ ಬಂತು. ನಮ್ಮ ಯಜಮಾನರು ತಲೆ ತಗ್ಗಿಸಿಯೇ, ಆದರೆ ಎಲ್ಲರಿಗೂ ಕೇಳುವ ಹಾಗೆ, “ಕೊಡಣ್ಣ, ದೇವ್ರ ಕೆಲ್ಸ,” ಎಂದರು. ಆ ಒಂದು ಮಾತಿಗೆ ನಾನು ಅವರ ಮೂವತ್ತು ವರ್ಷದ ಮೌನವನ್ನು ಮನ್ನಿಸಿದೆ.

ಸಂಜೆಯ ಹೊತ್ತಿಗೆ ಕರಿ ಪೈಪಿನಲ್ಲಿ ನೀರು ಧಾರಾಕಾರ ಬಂತು. ಹೊಸಿಲ ಆಚೆಯಿಂದ ನೋಡುತ್ತಿದ್ದ ಹಾಗೇ ಪೀಠ ಮುಳುಗಿತು, ಲಿಂಗದ ಮೇಲಿನ ವಿಭೂತಿ ಪಟ್ಟೆ ಮುಳುಗಿತು, ಬಿಲ್ವಪತ್ರೆ ಮೇಲೆ ತೇಲಿತು. ನಾನು ಸಾಷ್ಟಾಂಗ ಬಿದ್ದೆ. ಯಾವ ಪೈಪಿನಿಂದ ಬಂದರೂ ದೇವರು ಮುಳುಗುವುದನ್ನು ನೋಡಿದರೆ ಕಣ್ಣು ತುಂಬುತ್ತದೆ. ಅತ್ತ ಭಾವ, ತೋಟಕ್ಕೆ ಹೋಗಬೇಕಾದ ನೀರು ಗುಡಿಗೆ ಹೋಗುವುದನ್ನು, ಮೈಯ ಮಾಂಸ ಕೊಯ್ಯುತ್ತಿರುವವರ ಹಾಗೆ ನೋಡುತ್ತಾ ನಿಂತಿದ್ದರು.

ಪೂಜೆ ಮುಗಿದದ್ದೇ ಪೈಪು ಸುತ್ತಿಕೊಳ್ಳಲು ಅವರ ಆಳು ಬಂದ. ದೊಡ್ಡವ್ವ ಪೈಪಿನ ಮೇಲೆಯೇ ಕಾಲು ಚಾಚಿ ಕೂತಿದ್ದಳು.

“ಏಳು ದೊಡ್ಡವ್ವ, ಪೈಪ್ ತಗೀಬೇಕು,” ಎಂದರು ಭಾವ.

“ಯಾಕಪ್ಪ ತಗೀಬೇಕು? ದೇವ್ರಿಗೆ ಮಡಿಯಾದ ನೀರು ಬಾಣಂತಿಗೆ ಮೈಲಿಗೆನಾ? ಕೂಸಿಗೆ ಮೈಲಿಗೆನಾ? ಬಾವೀಲಿ ನೀವು ಕೆಸರು ಬುಟ್ಟು ಇನ್ನೇನಾರ ಇಟ್ಟಿದ್ದೀರಾ? ಮಳೆ ಬರೋಗಂಟ ದಿನಾ ಸಂಜೆ ಒಂದ್ ಗಂಟೆ ಕೇರಿಗೆ ಬುಡು. ಇಲ್ಲಾಂದ್ರೆ ನನ್ನೂ ಸೇರ್ಸಿ ಸುತ್ಕೊಂಡೋಗು.”

ಮುಳುಗಿದ ದೇವರ ಎದುರಿಗೆ, ಕಂಕಣ ಕಟ್ಟಿದ ಕೈಯಲ್ಲಿ, ಊರೆಲ್ಲ ನೋಡುತ್ತಿರುವಾಗ, ಆಗುವುದಿಲ್ಲ ಎನ್ನಲು ಭಾವನಿಗೂ ಬಾಯಿ ಬರಲಿಲ್ಲ. “ಒಂದ್ ಗಂಟೆ ಅಷ್ಟೇಯ,” ಎಂದು ಗೊಣಗಿ ಹೋದರು. ನಾನು ಮೊದಲ ಬಿಂದಿಗೆ ಹಿಡಿದುಕೊಂಡು ಬಚ್ಚಲಿಗೆ ಓಡಿದೆ.

ಎರಡು ವಾರ ಕಳೆದು ಮಳೆ ಬಂತು. ಬಂದದ್ದೂ ನೆಟ್ಟಗೆ ಬರಲಿಲ್ಲ. ಒಂದು ಗಂಟೆಯಲ್ಲಿ ಊರನ್ನೆಲ್ಲ ಚಚ್ಚಿ, ಭಾವನ ಕೊಬ್ಬರಿ ಶೆಡ್ಡಿನ ತಗಡನ್ನು ಹಾರಿಸಿಕೊಂಡು ಹೋಗಿ ಕೆರೆಯಂಗಳದಲ್ಲಿ ಎಸೆಯಿತು. ಭಾವ ಮಾತ್ರ ಈಗಲೂ ಹಾಸನದ ಸಭೆಗಳಿಗೆ ಹೋಗುತ್ತಾರೆ. ಬರಗಾಲದಲ್ಲಿ ತನ್ನ ಬೋರಿನ ನೀರನ್ನು ಊರಿಗೆ ಹಂಚಿಕೊಂಡ ರೈತ ಎಂದು ಒಂದು ಕಡೆ ಶಾಲು ಹೊದಿಸಿದರಂತೆ. ಹೊದೆಯಲಿ. ದೊಡ್ಡ ದೇಶದವರೂ ಹೀಗೇ, ಯಾರಾದರೂ ಪೈಪಿನ ಮೇಲೆ ಕೂತು ಏಳದಿದ್ದರೆ ಮಾತ್ರ ಕೊಡುತ್ತಾರೆ, ಆಮೇಲೆ ಶಾಲು ಹೊದ್ದುಕೊಳ್ಳುತ್ತಾರೆ. ಶಾಲು ಅವರಿಗಿರಲಿ, ನೀರು ನಮಗೆ ಬರಲಿ. ಆಳದ ಬೋರು ಇರುವವನು ಮೊದಲು ಪೈಪು ಎಳೆಯಬೇಕು. ಸಮಪಾಲಿನ ಮಾತು, ದೇವರ ಮಾತು ಎಲ್ಲ ಅದಾದ ಮೇಲೆ. ಇದನ್ನು ತಿಳಿಯಲು ನನಗೆ ಯಾವ ಕಾರ್ಯಾಗಾರವೂ ಬೇಕಾಗಲಿಲ್ಲ.

ಆ ಸೋಮವಾರದ ಮಾರನೆಯ ಬೆಳಿಗ್ಗೆ ಇನ್ನೂ ನೆನಪಿದೆ. ಹೆದರಿಕೊಂಡೇ ಬಾವಿಗೆ ಬಿಂದಿಗೆ ಇಳಿಬಿಟ್ಟೆ. ಕೆಸರು ತಳಕ್ಕೆ ಕೂತು, ಬಂಡೆಯ ಸಂದಿನಿಂದ ರಾತ್ರಿಯೆಲ್ಲ ಒಸರಿದ ನೀರು ಅರ್ಧ ಮೊಳದಷ್ಟು ನಿಂತಿತ್ತು. ಬಿಂದಿಗೆ ಮುಳುಗಲಿಲ್ಲ, ಪಕ್ಕಕ್ಕೆ ವಾಲಿ ಮುಕ್ಕಾಲು ತುಂಬಿಕೊಂಡಿತು. ಬಿಸಿಮಾಡಿ ಕೂಸನ್ನು ಕಾಲಮೇಲೆ ಹಾಕಿಕೊಂಡು ಹುಯ್ದೆ. ಬೆನ್ನಿನ ಕೆಂಪು ಹಾಗೇ ಇತ್ತು, ಆದರೆ ಕೀವಾಗಿರಲಿಲ್ಲ. ನೀರು ಬಿದ್ದ ಹಾಗೆಲ್ಲ ಅದು ಕಾಲು ಝಾಡಿಸಿ, ನನ್ನ ಸೀರೆಯನ್ನೆಲ್ಲ ನೆನೆಸಿತು. ಮುಕ್ಕಾಲು ಬಿಂದಿಗೆ ಸಾಕಾಯಿತು.